ಸೀಗೆಪುಡಿ: ಒಂದು ಜನಪದ ಜ್ಞಾನದ ಚರಿತ್ರೆ

ಕನ್ನಡ ಜನಪದರಲ್ಲಿ ತಲೆ ತೊಳೆಯುವುದಕ್ಕೆ 'ಎರೆಯುವುದು' ಎಂಬ ಮಾತಿದೆ. ಎಣ್ಣೆ ಒತ್ತಿ, ಹಂಡೆಯ ಬಿಸಿನೀರು ಎರೆದು, ಸೀಗೆಪುಡಿಯಿಂದ ಜಿಡ್ಡು ತೆಗೆಯುವ ಅಭ್ಯಂಜನವು ಯುಗಾದಿ, ದೀಪಾವಳಿಗಳಿಗೂ ಬಾಣಂತಿಯ ಆರೈಕೆಗೂ ಸೇರಿದ ಆಚರಣೆಯಾಗಿದೆ. ಮೂರನೆಯ ಸೋಮೇಶ್ವರನ 12ನೆಯ ಶತಮಾನದ 'ಮಾನಸೋಲ್ಲಾಸ'ವು ಸ್ನಾನವನ್ನು ಅರಸನ ಭೋಗಗಳಲ್ಲೊಂದಾಗಿ ಎಣಿಸುತ್ತದೆ. ಆದರೆ ಜನಸಾಮಾನ್ಯರ ಸ್ನಾನದ ತಿಳಿವಳಿಕೆ ಉಳಿದದ್ದು ಗ್ರಂಥಗಳಲ್ಲಲ್ಲ, ಒರಳಿನ ಮುಂದೆ ಕುಳಿತ ಹೆಣ್ಣುಮಕ್ಕಳ ಕೈಯಲ್ಲಿ.

ಈ ಪುಡಿಯ ರಚನೆ ಸರಳವಾದುದು. ಸೀಗೆ ಮತ್ತು ಅಂಟುವಾಳದ ಕಾಯಿಗಳಲ್ಲಿರುವ ಸಪೋನಿನ್ ನೊರೆಯೆಬ್ಬಿಸಿ ಜಿಡ್ಡನ್ನು ಬಿಡಿಸುತ್ತದೆ. ಅದರಿಂದ ಕೂದಲು ಒರಟಾಗದಂತೆ ಮೆಂತ್ಯವನ್ನೋ ಚಿಗರೆಪುಡಿಯನ್ನೋ ಬೆರೆಸುವುದುಂಟು. ಕರಾವಳಿ, ಮಲೆನಾಡುಗಳಲ್ಲಿ ದಾಸವಾಳದ ಎಲೆ ಕಿವುಚಿ ತೆಗೆದ 'ಗೊಂಪು' ಇದೇ ಕೆಲಸ ಮಾಡುತ್ತದೆ. ಒಣಪುಡಿಯಲ್ಲಿ ನೀರಿನಂಶವಿಲ್ಲದ ಕಾರಣ ಕೆಡದಂತೆ ಕಾಪಾಡುವ ರಾಸಾಯನಿಕ ಬೇಕಿಲ್ಲ. ಬಹುಪಾಲು ನೀರೇ ಆಗಿರುವ ದ್ರವ ಶಾಂಪೂವಿಗೆ ಅದು ಅನಿವಾರ್ಯ. ಹಾಗೆಂದು ಈ ಪದ್ಧತಿಯನ್ನು ವೈಭವೀಕರಿಸಬೇಕಾಗಿಲ್ಲ. ಕಣ್ಣುರಿಯೂ, ಕುಟ್ಟಿ ಜರಡಿ ಹಿಡಿಯುವ ಹೆಣ್ಣಿನ ದುಡಿಮೆಯೂ ಅದರ ಭಾಗವೇ ಆಗಿದ್ದವು.

ಪಲ್ಲಟವು ಹಂತಹಂತವಾಗಿ ಬಂದಿತು. ಮೈಸೂರು ಸಂಸ್ಥಾನವು 1910ರ ದಶಕದಲ್ಲಿ ಬೆಂಗಳೂರಿನಲ್ಲಿ ಸಾಬೂನು ಕಾರ್ಖಾನೆಯನ್ನು ಆರಂಭಿಸಿತು. ಆದರೆ ಗಡಸುನೀರಿನಲ್ಲಿ ಸಾಬೂನು ಕೂದಲಿಗೆ ಕಿಟ್ಟದಂತೆ ಅಂಟುವುದರಿಂದ ತಲೆಗೆ ಸೀಗೆಯೇ ಉಳಿಯಿತು. 1980ರ ದಶಕದಲ್ಲಿ ತಮಿಳುನಾಡಿನ ಉದ್ಯಮಿಗಳು ಜನಪ್ರಿಯಗೊಳಿಸಿದ ಶಾಂಪೂ ಸ್ಯಾಚೆಟ್ ಹಳ್ಳಿಯ ಅಂಗಡಿಯನ್ನು ತಲುಪಿತು. ಕೂಲಿಯ ಹೆಣ್ಣಿಗೆ ಅದು ಸಮಯವನ್ನು ಉಳಿಸಿಕೊಟ್ಟಿತು. ಊರ ಚರಂಡಿಗೆ ಪ್ಲಾಸ್ಟಿಕ್ಕನ್ನೂ ತಂದಿತು. 'ಶಾಂಪೂ' ಎಂಬ ಪದ ಒತ್ತುವುದು, ಮರ್ದಿಸುವುದು ಎಂಬರ್ಥದ ಹಿಂದಿಯ 'ಚಾಂಪೊ'ದಿಂದ ಇಂಗ್ಲಿಷಿಗೆ ಹೋದದ್ದೆಂಬುದು ಇಲ್ಲಿ ಗಮನಾರ್ಹ.

ಈ ಚರಿತ್ರೆಯ ಇನ್ನೊಂದು ತುದಿ ಕಾಡಿನಲ್ಲಿದೆ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಸೀಗೆ, ಅಂಟುವಾಳ, ನೆಲ್ಲಿ, ಜೇನುಗಳನ್ನು ಸಂಗ್ರಹಿಸಿ ಲ್ಯಾಂಪ್ಸ್ ಸಹಕಾರ ಸಂಘಗಳಿಗೆ ನೀಡುತ್ತಿದ್ದರು. ವನ್ಯಜೀವಿ ಸಂರಕ್ಷಣಾ ಕಾಯ್ದೆಯ 2002ರ ತಿದ್ದುಪಡಿಯ ತರುವಾಯ ಮಾರಾಟಕ್ಕಾಗಿ ಕಿರು ಅರಣ್ಯೋತ್ಪನ್ನ ಸಂಗ್ರಹಿಸುವುದಕ್ಕೆ ಅಭಯಾರಣ್ಯದಲ್ಲಿ ತಡೆ ಬಿದ್ದಿತು. 2006ರ ಅರಣ್ಯ ಹಕ್ಕು ಕಾಯ್ದೆಯಡಿ ಸೋಲಿಗರ ಸಮುದಾಯ ಹಕ್ಕುಗಳು ಮಾನ್ಯವಾದದ್ದು 2011ರಲ್ಲಿ. ಆ ನಡುವಿನ ವರ್ಷಗಳಲ್ಲಿ ಕುಂದಿದ್ದು ಆದಾಯ ಮಾತ್ರವಲ್ಲ. ಯಾವ ಮೆಳೆಯಲ್ಲಿ ಎಷ್ಟು ಕೀಳಬೇಕು, ಎಷ್ಟು ಬಿಡಬೇಕೆಂಬ ಅರಿವಿನ ರೂಢಿಯೂ ಹೌದು.

ಇಂದು 'ಸುಸ್ಥಿರ', 'ಗಿಡಮೂಲಿಕೆ' ಎಂಬ ಹೆಸರುಗಳಲ್ಲಿ ಸೀಗೆ ಮರಳಿ ಮಾರುಕಟ್ಟೆಗೆ ಬಂದಿದೆ. ಕಾಯಿ ಕಿತ್ತ ಕೈಗೂ ಪುಡಿ ಕುಟ್ಟಿದ ಕೈಗೂ ಸಲ್ಲಬೇಕಾದ ಪಾಲು ಸಲ್ಲದಿದ್ದರೆ ಉಳಿಯುವುದು ಸರಕು ಮಾತ್ರ, ಜ್ಞಾನವಲ್ಲ. ಆದುದರಿಂದ ಪ್ರದೇಶವಾರು ಪಾಕಗಳ ಜೊತೆಗೆ ಸಂಗ್ರಹದ ಕಟ್ಟುಪಾಡುಗಳನ್ನೂ ದಾಖಲಿಸುವುದು ಜಾನಪದ ಅಧ್ಯಯನದ ತುರ್ತು ಹೊಣೆಯಾಗಿದೆ.