ನೋತ್ರ್ ದಾಮ್ ಕೆಥೆಡ್ರಲ್: ಜೀರ್ಣೋದ್ಧಾರದ ಚರಿತ್ರೆ

ಪ್ಯಾರಿಸ್ಸಿನ ನೋತ್ರ್ ದಾಮ್ ಕೆಥೆಡ್ರಲಿನ ವಯಸ್ಸಿನ ಬಗ್ಗೆ ಜನಪ್ರಿಯ ಬರಹಗಳಲ್ಲಿ ಗೊಂದಲ ಬಹಳ. 2019ರ ಏಪ್ರಿಲ್ 15ರ ಬೆಂಕಿಯಲ್ಲಿ ಕುಸಿದ ಶಿಖರವನ್ನು ಮಧ್ಯಯುಗದ್ದೆಂದು ಬರೆದವರುಂಟು, ಅದು 1859ರದು. ಅದರ ಜೊತೆ ಸುಟ್ಟ ಚಾವಣಿಯ ಓಕ್ ತೊಲೆಗಳಲ್ಲಿ ಹೆಚ್ಚಿನವು ಮಾತ್ರ ನಿಜಕ್ಕೂ 13ನೆಯ ಶತಮಾನದವು.

1163ರ ಸುಮಾರಿಗೆ ಬಿಷಪ್ ಮೋರಿಸ್ ದ ಸುಲ್ಲಿ ಆರಂಭಿಸಿದ ಕಟ್ಟಡವನ್ನು ಮುಂದಿನ ಪ್ರತಿ ತಲೆಮಾರೂ ತಿದ್ದಿತು. 13ನೆಯ ಶತಮಾನದಲ್ಲೇ ಮೇಲಂತಸ್ತಿನ ಕಿಟಕಿಗಳು ಹಿಗ್ಗಿದವು. ಹಳೆಯ ಶಿಖರವನ್ನು 18ನೆಯ ಶತಮಾನದ ಕೊನೆಗೆ ಕಳಚಲಾಯಿತು. 1793ರಲ್ಲಿ ಕ್ರಾಂತಿಕಾರರು ಯೆಹೂದದ ಅರಸರ 28 ಪ್ರತಿಮೆಗಳನ್ನು ಫ್ರಾನ್ಸಿನ ದೊರೆಗಳೆಂದು ಭಾವಿಸಿ ಕೆಡವಿದರು. ಅವುಗಳ 21 ತಲೆಗಳು ಸಿಕ್ಕಿದ್ದು 1977ರಲ್ಲಿ.

1844ರಲ್ಲಿ ಜೀರ್ಣೋದ್ಧಾರ ವಹಿಸಿಕೊಂಡವರು ವಾಸ್ತುಶಿಲ್ಪಿಗಳಾದ ಲಸ್ಸೂ ಮತ್ತು ವಿಯೊಲೆ ಲ ದ್ಯುಕ್. 1857ರಲ್ಲಿ ಲಸ್ಸೂ ತೀರಿಕೊಂಡ ಮೇಲೆ ಎರಡನೆಯವರ ಕಲ್ಪನೆಗೆ ಅಡ್ಡಿಯಿರಲಿಲ್ಲ. ಕಟ್ಟಡವನ್ನು ಅದು ಎಂದೂ ಹೊಂದಿರದಿದ್ದ ಪೂರ್ಣತೆಗೂ ಒಯ್ಯಬಹುದೆಂಬುದು ಅವರ ಸಿದ್ಧಾಂತ. ಶಿಖರವನ್ನು ಹಿಂದಿನದಕ್ಕಿಂತ ಎತ್ತರವಾಗಿ, 96 ಮೀಟರಿಗೆ ಏರಿಸಿದರು. ಅದರ ಬುಡದ ಸಂತ ಥಾಮಸನ ತಾಮ್ರದ ಪ್ರತಿಮೆಗೆ ತಮ್ಮದೇ ಮುಖ ಕೊಟ್ಟರು. ಪ್ರವಾಸಿಗರು ಮಧ್ಯಯುಗದವೆಂದು ಚಿತ್ರ ತೆಗೆಯುವ ಗೋಪುರದ ಮೊಗಸಾಲೆಯ ವಿಕಟರೂಪಿಗಳೂ ಅವರ ಕಾಲದವೇ. ಶಿಖರದ ಅಡಿಯ ಅಡ್ಡಸಾಲಿನ ಆಸುಪಾಸಿನಲ್ಲಿ ಮಾತ್ರ ಅವರು 12ನೆಯ ಶತಮಾನದ ದುಂಡು ಕಿಂಡಿಗಳನ್ನು ಮರಳಿ ರೂಪಿಸಿದ್ದರಿಂದ, ಒಂದೇ ಗೋಡೆಯಲ್ಲಿ ಎರಡು ಕಾಲಗಳು ಎದುರುಬದುರಾದವು. 1849ರಲ್ಲಿ ಇಂಗ್ಲಿಷ್ ವಿಮರ್ಶಕ ಜಾನ್ ರಸ್ಕಿನ್ ಇಂಥ ಕೆಲಸವನ್ನು ನಾಶವೆಂದೇ ಕರೆದಿದ್ದರು. ಎಲ್ಲ ಕಾಲದ ಕೊಡುಗೆಯನ್ನೂ ಗೌರವಿಸಬೇಕು, ಊಹೆ ಶುರುವಾದಲ್ಲಿ ಕೆಲಸ ನಿಲ್ಲಬೇಕು ಎಂಬ ನಿಯಮ ಸ್ಮಾರಕ ಸಂರಕ್ಷಣೆಯ 1964ರ ವೆನಿಸ್ ಸನ್ನದಿನಲ್ಲಿ ಬಂತು.

ಬೆಂಕಿಯ ಎರಡೇ ದಿನಕ್ಕೆ ಫ್ರೆಂಚ್ ಪ್ರಧಾನಿ ಹೊಸ ಶಿಖರಕ್ಕಾಗಿ ಅಂತರರಾಷ್ಟ್ರೀಯ ಸ್ಪರ್ಧೆ ಪ್ರಕಟಿಸಿದರು. ಗಾಜಿನ ಚಾವಣಿ, ತಾರಸಿ ತೋಟ ಮುಂತಾದ ಕಲ್ಪನೆಗಳು ಹರಿದುಬಂದವು. ಮುಖ್ಯ ವಾಸ್ತುಶಿಲ್ಪಿ ಫಿಲಿಪ್ ವಿಲ್ನವ್ ಒಪ್ಪಲಿಲ್ಲ. 2020ರ ಜುಲೈಯಲ್ಲಿ ರಾಷ್ಟ್ರೀಯ ಪರಂಪರೆ ಆಯೋಗದ ಒಮ್ಮತದ ಬಳಿಕ ಹಿಂದಿದ್ದಂತೆಯೇ ಕಟ್ಟುವುದೆಂದಾಯಿತು. ಹಾಗೆ ಗೆದ್ದದ್ದು ಮಧ್ಯಯುಗವಲ್ಲ, 19ನೆಯ ಶತಮಾನ. ಸೀಸದ ಹೊದಿಕೆಯೂ ಆರೋಗ್ಯದ ಆಕ್ಷೇಪಗಳ ನಡುವೆ ಮರಳಿತು. ಆದರೆ ಮುಖ್ಯ ಸಾಲಿನ ತೊಲೆಗಳನ್ನು ಬಡಗಿಗಳು ಕೊಡಲಿಯಿಂದಲೇ ಕೆತ್ತಿದರು: ಶಿಖರದಲ್ಲಿ ಒಬ್ಬನ ನಕ್ಷೆಗೆ ನಿಷ್ಠೆ, ಚಾವಣಿಯಲ್ಲಿ ಹೆಸರಿಲ್ಲದವರ ಕೈಚಳಕಕ್ಕೆ. ಬೆಂಕಿಗೆ ಮುನ್ನವೇ, 2014ರಲ್ಲಿ, ತೊಲೆಗಳ ಅಳತೆ ದಾಖಲಾಗಿದ್ದರಿಂದ ಇದು ಸಾಧ್ಯವಾಯಿತು.

ಅನಾಹುತ ಹೊಸ ದಾಖಲೆಗಳನ್ನೂ ಒದಗಿಸಿತು. ಗೋಡೆಗಳ ಕಲ್ಲು ಬಿಗಿಯುವ ಕಬ್ಬಿಣದ ಕೊಂಡಿಗಳು 1160ರ ದಶಕದಿಂದಲೇ ಇದ್ದವೆಂದು 2023ರಲ್ಲಿ ತಿಳಿಯಿತು. 2022ರ ಉತ್ಖನನದಲ್ಲಿ, 18ನೆಯ ಶತಮಾನದ ಆರಂಭದಲ್ಲಿ ಒಡೆದು ಹೂತ, ಪೂಜಾಸ್ಥಳವನ್ನು ಸಭಾಂಗಣದಿಂದ ಬೇರ್ಪಡಿಸುತ್ತಿದ್ದ ಶಿಲಾತೆರೆಯ ತುಣುಕುಗಳು ಬಣ್ಣ ಸಮೇತ ದೊರೆತವು. ಅದನ್ನು ಮರಳಿ ನಿಲ್ಲಿಸಲಿಲ್ಲ.

ಕೆಥೆಡ್ರಲ್ 2024ರ ಡಿಸೆಂಬರಿನಲ್ಲಿ ತೆರೆಯಿತು. ವಾದ ಮುಗಿದಿಲ್ಲ. ದಕ್ಷಿಣದ ಆರು ಉಪಪೂಜಾಲಯಗಳಿಗೆ ಸಮಕಾಲೀನ ಕಿಟಕಿ ಬೇಕೆಂದು ಅಧ್ಯಕ್ಷ ಮಾಕ್ರೋನ್ ಪ್ರಕಟಿಸಿದ್ದನ್ನು ಅದೇ ಆಯೋಗ 2024ರ ಜುಲೈಯಲ್ಲಿ ಒಮ್ಮತದಿಂದ ತಿರಸ್ಕರಿಸಿತ್ತು. ಆದರೂ ಕಲಾವಿದೆ ಕ್ಲೇರ್ ತಬೂರೆ ಆಯ್ಕೆಯಾದರು. ತೆಗೆಯಬೇಕಾದವು ವಿಯೊಲೆ ಲ ದ್ಯುಕ್ ಇರಿಸಿದ, ಬೆಂಕಿಯಲ್ಲಿ ಕೆಡದೆ ಉಳಿದ ಗಾಜುಗಳು.