ವೈದ್ಯಕೀಯ ಪದವಿ ಪ್ರವೇಶಕ್ಕೆ ಅರ್ಜಿ: ಶಿವಗಂಗೆ ಹಾಗೂ ಸೋಂಪುರ ಹೋಬಳಿಯ ಪೋಷಕರಿಗೆ ಮಾಹಿತಿ

ಪೀಠಿಕೆ

ನೆಲಮಂಗಲ ತಾಲ್ಲೂಕಿನ ಸೋಂಪುರ ಹೋಬಳಿಗೆ ಸೇರಿದ ಶಿವಗಂಗೆ ಮತ್ತು ಸುತ್ತಲಿನ ಗ್ರಾಮಗಳ ವಿದ್ಯಾರ್ಥಿಗಳು ಎಂ.ಬಿ.ಬಿ.ಎಸ್. ಪದವಿಗೆ ಅರ್ಜಿ ಸಲ್ಲಿಸುವಾಗ ಪೋಷಕರು ಅನುಸರಿಸಬೇಕಾದ ಕ್ರಮಗಳನ್ನು ಇಲ್ಲಿ ವಿವರಿಸಲಾಗಿದೆ. ಪರೀಕ್ಷೆಗೆ ಓದುವುದು ವಿದ್ಯಾರ್ಥಿಯ ಕೆಲಸ. ದಾಖಲೆಗಳನ್ನು ಸಕಾಲದಲ್ಲಿ ಸಿದ್ಧಪಡಿಸುವುದು ಪೋಷಕರ ಕೆಲಸ. ಗ್ರಾಮೀಣ ವಿದ್ಯಾರ್ಥಿಗಳಿಗೆ ಕಾನೂನಿನಂತೆ ದೊರೆಯಬೇಕಾದ ಸೌಲಭ್ಯವು ಒಂದು ಪ್ರಮಾಣ ಪತ್ರದ ಕೊರತೆಯಿಂದ ಕೈತಪ್ಪುವ ಸಂಭವವಿರುವುದರಿಂದ, ಪೋಷಕರು ಪರೀಕ್ಷೆಯ ವರ್ಷಕ್ಕಾಗಿ ಕಾಯದೆ ಮುಂಚಿತವಾಗಿ ಈ ಕೆಲಸ ಆರಂಭಿಸುವುದು ಸೂಕ್ತ.

1. ಪ್ರವೇಶದ ಈಗಿನ ವಿಧಾನ

ಕರ್ನಾಟಕದಲ್ಲಿ 1994ರಿಂದ ಅನೇಕ ವರ್ಷಗಳ ಕಾಲ ವೃತ್ತಿ ಶಿಕ್ಷಣದ ಸರ್ಕಾರಿ ಸೀಟುಗಳನ್ನು ರಾಜ್ಯದ ಸಾಮಾನ್ಯ ಪ್ರವೇಶ ಪರೀಕ್ಷೆಯ (ಸಿಇಟಿ) ಮೂಲಕ ಹಂಚಲಾಗುತ್ತಿತ್ತು. 2017ರಿಂದ ವೈದ್ಯಕೀಯ ಸೀಟುಗಳಿಗೆ ರಾಷ್ಟ್ರೀಯ ಅರ್ಹತಾ ಹಾಗೂ ಪ್ರವೇಶ ಪರೀಕ್ಷೆಯ (ನೀಟ್) ಅಂಕಗಳೇ ಆಧಾರವಾಗಿವೆ. ದ್ವಿತೀಯ ಪಿಯುಸಿ ಅಂಕಗಳನ್ನು ಅರ್ಹತೆಗೆ ಮಾತ್ರ ಪರಿಗಣಿಸಲಾಗುವುದು, ರ‍್ಯಾಂಕ್‌ಗೆ ಸೇರಿಸುವುದಿಲ್ಲ.

ಪೋಷಕರು ಗಮನಿಸಬೇಕಾದ ಮುಖ್ಯ ಅಂಶವೆಂದರೆ, ನೀಟ್ ಬರೆದ ಮಾತ್ರಕ್ಕೆ ರಾಜ್ಯದ ಸೀಟು ಹಂಚಿಕೆಗೆ ಅರ್ಜಿ ಸಲ್ಲಿಸಿದಂತೆ ಆಗುವುದಿಲ್ಲ. ಕೆಳಕಂಡ ಮೂರು ನೋಂದಣಿಗಳು ಪ್ರತ್ಯೇಕವಾಗಿರುತ್ತವೆ.

ಅ) ನೀಟ್ ಪರೀಕ್ಷೆಗೆ ಅರ್ಜಿ. 2019ರಿಂದ ಈ ಪರೀಕ್ಷೆಯನ್ನು ರಾಷ್ಟ್ರೀಯ ಪರೀಕ್ಷಾ ಸಂಸ್ಥೆ (ಎನ್‌ಟಿಎ) ನಡೆಸುತ್ತಿದೆ.
ಆ) ಕರ್ನಾಟಕ ಪರೀಕ್ಷಾ ಪ್ರಾಧಿಕಾರದಲ್ಲಿ (ಕೆಇಎ) ನೋಂದಣಿ. ರಾಜ್ಯದ ಸರ್ಕಾರಿ ಕಾಲೇಜುಗಳ ಶೇ. 85ರಷ್ಟು ಸೀಟುಗಳು ಹಾಗೂ ಖಾಸಗಿ ಕಾಲೇಜುಗಳಲ್ಲಿರುವ ಸರ್ಕಾರಿ ಕೋಟಾದ ಸೀಟುಗಳು ಇದರ ಮೂಲಕ ಹಂಚಿಕೆಯಾಗುತ್ತವೆ.
ಇ) ಅಖಿಲ ಭಾರತ ಕೋಟಾಕ್ಕೆ ನೋಂದಣಿ. ಸರ್ಕಾರಿ ಕಾಲೇಜುಗಳ ಶೇ. 15ರಷ್ಟು ಸೀಟುಗಳನ್ನು ಕೇಂದ್ರದ ವೈದ್ಯಕೀಯ ಸಮಾಲೋಚನಾ ಸಮಿತಿ (ಎಂಸಿಸಿ) ಹಂಚುತ್ತದೆ.

2. ಅರ್ಹತೆ

ಪ್ರವೇಶ ಪಡೆಯುವ ವರ್ಷದ ಡಿಸೆಂಬರ್ 31ಕ್ಕೆ ವಿದ್ಯಾರ್ಥಿಗೆ 17 ವರ್ಷ ತುಂಬಿರತಕ್ಕದ್ದು. ದ್ವಿತೀಯ ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ ಮತ್ತು ಜೀವಶಾಸ್ತ್ರಗಳಲ್ಲಿ ಒಟ್ಟಾರೆ ಶೇ. 50ರಷ್ಟು ಅಂಕಗಳನ್ನು, ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ ಮತ್ತು ಹಿಂದುಳಿದ ವರ್ಗಗಳವರು ಶೇ. 40ರಷ್ಟು ಅಂಕಗಳನ್ನು ಪಡೆದಿರತಕ್ಕದ್ದು. ಇಂಗ್ಲಿಷ್ ವಿಷಯದಲ್ಲಿಯೂ ಉತ್ತೀರ್ಣರಾಗಿರಬೇಕು. ನೀಟ್ ಪರೀಕ್ಷೆಗೆ ಗರಿಷ್ಠ ವಯೋಮಿತಿಯನ್ನು 2022ರಲ್ಲಿ ತೆಗೆದುಹಾಕಲಾಗಿದೆ.

ರಾಜ್ಯದ ಸೀಟುಗಳಿಗೆ ಅರ್ಹತೆ ಪಡೆಯಲು ಹೆಚ್ಚಿನ ಸ್ಥಳೀಯ ವಿದ್ಯಾರ್ಥಿಗಳಿಗೆ ಅನ್ವಯಿಸುವುದು ‘ಎ’ ಖಂಡ. ಇದರಂತೆ ಒಂದನೇ ತರಗತಿಯಿಂದ ದ್ವಿತೀಯ ಪಿಯುಸಿವರೆಗಿನ ಅವಧಿಯಲ್ಲಿ ಕನಿಷ್ಠ ಏಳು ಶೈಕ್ಷಣಿಕ ವರ್ಷಗಳನ್ನು ಕರ್ನಾಟಕದ ಮಾನ್ಯತೆ ಪಡೆದ ಶಾಲಾ ಕಾಲೇಜುಗಳಲ್ಲಿ ವ್ಯಾಸಂಗ ಮಾಡಿದ್ದು, ಎಸ್.ಎಸ್.ಎಲ್.ಸಿ. ಅಥವಾ ದ್ವಿತೀಯ ಪಿಯುಸಿಯನ್ನು ರಾಜ್ಯದಲ್ಲಿ ಉತ್ತೀರ್ಣರಾಗಿರಬೇಕು.

3. ಗ್ರಾಮೀಣ ಮತ್ತು ಕನ್ನಡ ಮಾಧ್ಯಮ ಮೀಸಲಾತಿ

ರಾಜ್ಯದ ಸೀಟುಗಳಲ್ಲಿ ಗ್ರಾಮೀಣ ಪ್ರದೇಶದಲ್ಲಿ ವ್ಯಾಸಂಗ ಮಾಡಿದವರಿಗೆ ಶೇ. 15, ಕನ್ನಡ ಮಾಧ್ಯಮದಲ್ಲಿ ವ್ಯಾಸಂಗ ಮಾಡಿದವರಿಗೆ ಶೇ. 5ರಷ್ಟು ಮೀಸಲಾತಿ ಇರುತ್ತದೆ. ಈ ಹೋಬಳಿಯ ವಿದ್ಯಾರ್ಥಿಗಳಿಗೆ ಇವೆರಡೂ ಅತ್ಯಂತ ಉಪಯುಕ್ತ. ಆದರೆ ಇವುಗಳ ಬಗ್ಗೆ ತಪ್ಪು ತಿಳಿವಳಿಕೆಯೂ ಹೆಚ್ಚಾಗಿರುವುದರಿಂದ ಕೆಳಕಂಡ ಅಂಶಗಳನ್ನು ಪೋಷಕರು ಗಮನಿಸತಕ್ಕದ್ದು.

ಅ) ಎರಡೂ ಮೀಸಲಾತಿಗಳಿಗೆ ಒಂದರಿಂದ ಹತ್ತನೇ ತರಗತಿಯವರೆಗಿನ ಪೂರ್ಣ ಹತ್ತು ವರ್ಷಗಳ ವ್ಯಾಸಂಗವನ್ನು ಪರಿಗಣಿಸಲಾಗುವುದು. ಒಂಬತ್ತು ವರ್ಷ ಸಾಲದು.

ಆ) ಗ್ರಾಮೀಣ ಮೀಸಲಾತಿಗೆ ಕುಟುಂಬದ ವಾಸಸ್ಥಳ ಮುಖ್ಯವಲ್ಲ, ಶಾಲೆ ಇದ್ದ ಸ್ಥಳ ಮುಖ್ಯ. ಶಿವಗಂಗೆಯಲ್ಲಿಯೇ ವಾಸವಿದ್ದು, ಪ್ರೌಢಶಾಲೆಗೆ ಮಾತ್ರ ನೆಲಮಂಗಲ ಪಟ್ಟಣಕ್ಕೋ ಬೆಂಗಳೂರಿಗೋ ಬಸ್ಸಿನಲ್ಲಿ ಹೋಗಿ ಬಂದ ವಿದ್ಯಾರ್ಥಿಗೆ ಈ ಸೌಲಭ್ಯ ದೊರೆಯುವುದಿಲ್ಲ. ಪಿಯುಸಿಯನ್ನು ನಗರದಲ್ಲಿ ಓದಿದರೆ ಬಾಧಕವಿಲ್ಲ. ಆದ್ದರಿಂದ ಎಂಟನೇ ತರಗತಿಗೆ ಶಾಲೆ ಬದಲಿಸುವ ಸಮಯದಲ್ಲಿಯೇ ಪೋಷಕರು ಈ ವಿಷಯವನ್ನು ಆಲೋಚಿಸುವುದು ಉತ್ತಮ.

ಇ) ಕನ್ನಡ ಮಾಧ್ಯಮದ ಮೀಸಲಾತಿಗೆ ಬೋಧನಾ ಮಾಧ್ಯಮ ಕನ್ನಡವಾಗಿರಬೇಕು. ಕನ್ನಡವನ್ನು ಒಂದು ಭಾಷಾ ವಿಷಯವಾಗಿ ಓದಿದ ಮಾತ್ರಕ್ಕೆ ಇದು ಅನ್ವಯಿಸುವುದಿಲ್ಲ.

ಈ) ಕನ್ನಡ ಮಾಧ್ಯಮದ ಮೀಸಲಾತಿ ಕೋರುವವರು ನೀಟ್ ಪರೀಕ್ಷೆಯನ್ನು ಕನ್ನಡದಲ್ಲಿಯೇ ಬರೆಯಬೇಕೆಂಬ ನಿಯಮವಿಲ್ಲ. ಪಿಯುಸಿಯನ್ನು ಇಂಗ್ಲಿಷ್ ಮಾಧ್ಯಮದಲ್ಲಿ ಓದಿದ್ದರೂ ಹಕ್ಕು ಉಳಿಯುತ್ತದೆ.

ಉ) ಶಾಲೆಯ ಮುಖ್ಯೋಪಾಧ್ಯಾಯರು ನೀಡುವ ವ್ಯಾಸಂಗ ಪ್ರಮಾಣ ಪತ್ರಕ್ಕೆ ಕ್ಷೇತ್ರ ಶಿಕ್ಷಣಾಧಿಕಾರಿಗಳ (ಬಿಇಒ) ಮೇಲುರುಜು ಇರತಕ್ಕದ್ದು. ಎರಡು ಅಥವಾ ಮೂರು ಶಾಲೆಗಳಲ್ಲಿ ಓದಿದ್ದರೆ ಪ್ರತಿ ಶಾಲೆಯಿಂದಲೂ ಪ್ರತ್ಯೇಕ ಪತ್ರ ಪಡೆಯಬೇಕು. ಶಾಲೆ ಬೇರೆ ತಾಲ್ಲೂಕಿನಲ್ಲಿದ್ದರೆ ಆ ತಾಲ್ಲೂಕಿನ ಬಿಇಒ ಅವರ ರುಜು ಬೇಕಾಗುತ್ತದೆ.

ಊ) ಸಾಮಾನ್ಯ ವರ್ಗದ ವಿದ್ಯಾರ್ಥಿಗಳು ಗ್ರಾಮೀಣ ಮೀಸಲಾತಿ ಕೋರಿದಲ್ಲಿ, ಮೇಲುಸ್ತರಕ್ಕೆ ಸೇರಿಲ್ಲವೆಂಬ ಬಗ್ಗೆ ತಹಶೀಲ್ದಾರರ ಪ್ರಮಾಣ ಪತ್ರವನ್ನೂ ಹಾಜರುಪಡಿಸಬೇಕು.

ಅರ್ಜಿ ಭರ್ತಿ ಮಾಡುವಾಗ ಸದರಿ ಮೀಸಲಾತಿಗಳನ್ನು ಕೋರಿ ಗುರುತು ಮಾಡುವುದು ಅವಶ್ಯ. ಪ್ರಮಾಣ ಪತ್ರ ಕೈಯಲ್ಲಿದ್ದರೂ ಅರ್ಜಿಯಲ್ಲಿ ಕೋರದಿದ್ದಲ್ಲಿ ಸೌಲಭ್ಯ ತಾನಾಗಿ ಬರುವುದಿಲ್ಲ.

4. ಸಿದ್ಧಪಡಿಸಬೇಕಾದ ದಾಖಲೆಗಳು

ಅ) ಎಸ್.ಎಸ್.ಎಲ್.ಸಿ. ಮತ್ತು ದ್ವಿತೀಯ ಪಿಯುಸಿ ಅಂಕಪಟ್ಟಿಗಳು.
ಆ) ಏಳು ವರ್ಷಗಳ ವ್ಯಾಸಂಗ ಪ್ರಮಾಣ ಪತ್ರ, ಗ್ರಾಮೀಣ ಹಾಗೂ ಕನ್ನಡ ಮಾಧ್ಯಮ ವ್ಯಾಸಂಗ ಪ್ರಮಾಣ ಪತ್ರಗಳು.
ಇ) ಜಾತಿ ಮತ್ತು ಆದಾಯ ಪ್ರಮಾಣ ಪತ್ರ. ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ನಮೂನೆ-ಡಿ, ಪ್ರವರ್ಗ-1ಕ್ಕೆ ನಮೂನೆ-ಇ, 2ಎ, 2ಬಿ, 3ಎ ಮತ್ತು 3ಬಿ ಪ್ರವರ್ಗಗಳಿಗೆ ನಮೂನೆ-ಎಫ್. ಇವುಗಳಿಗೆ ಸೋಂಪುರ ಹೋಬಳಿಯ ನಾಡಕಚೇರಿಯಲ್ಲಿ ಅರ್ಜಿ ಸಲ್ಲಿಸಬಹುದು. ಪತ್ರದ ಮೇಲಿರುವ ಆರ್.ಡಿ. ಸಂಖ್ಯೆಯನ್ನು ಕೆಇಎ ಅರ್ಜಿಯಲ್ಲಿ ನಮೂದಿಸಬೇಕು.
ಈ) ಆಧಾರ್ ಚೀಟಿ ಮತ್ತು ಇತ್ತೀಚಿನ ಭಾವಚಿತ್ರಗಳು.

ರಾಜ್ಯದ ಹಿಂದುಳಿದ ವರ್ಗಗಳ ಪಟ್ಟಿ ಮತ್ತು ಕೇಂದ್ರದ ಪಟ್ಟಿ ಒಂದೇ ಅಲ್ಲ. ನೀಟ್ ಅರ್ಜಿಯಲ್ಲಿ ಹಾಗೂ ಅಖಿಲ ಭಾರತ ಕೋಟಾದಲ್ಲಿ ಹಿಂದುಳಿದ ವರ್ಗವೆಂದು ನಮೂದಿಸುವವರು ತಮ್ಮ ಜಾತಿ ಕೇಂದ್ರದ ಪಟ್ಟಿಯಲ್ಲಿದೆಯೇ ಎಂದು ಮೊದಲು ಖಚಿತಪಡಿಸಿಕೊಂಡು, ಕೇಂದ್ರದ ನಮೂನೆಯಲ್ಲಿಯೇ ಪ್ರಮಾಣ ಪತ್ರ ಪಡೆಯತಕ್ಕದ್ದು.

5. ಹೆಸರಿನ ವ್ಯತ್ಯಾಸ

ಅಂಕಪಟ್ಟಿಯಲ್ಲಿ ಇನಿಷಿಯಲ್ ಇದ್ದು ಆಧಾರ್‌ನಲ್ಲಿ ತಂದೆಯ ಪೂರ್ಣ ಹೆಸರು ಸೇರಿರುವುದು ಸಾಮಾನ್ಯವಾಗಿ ಕಂಡುಬರುವ ತೊಡಕು. ಅರ್ಜಿಯಲ್ಲಿ ಹೆಸರು ಮತ್ತು ಜನ್ಮದಿನಾಂಕ ಹತ್ತನೇ ತರಗತಿಯ ಅಂಕಪಟ್ಟಿಯಲ್ಲಿರುವಂತೆಯೇ ಇರತಕ್ಕದ್ದು. ವ್ಯತ್ಯಾಸವಿದ್ದಲ್ಲಿ ಪ್ರಥಮ ಪಿಯುಸಿ ಅವಧಿಯಲ್ಲಿಯೇ ಆಧಾರ್ ತಿದ್ದುಪಡಿ ಮಾಡಿಸುವುದು ಉತ್ತಮ. ಶಾಲಾ ದಾಖಲೆಯಲ್ಲಿರುವ ಎಸ್‌ಎಟಿಎಸ್ ಸಂಖ್ಯೆ ಮತ್ತು ಅದರಲ್ಲಿನ ವಿವರಗಳನ್ನೂ ಇದೇ ಸಮಯದಲ್ಲಿ ಪರಿಶೀಲಿಸಿಕೊಳ್ಳಬೇಕು. ನೋಂದಣಿಗೆ ನೀಡುವ ಮೊಬೈಲ್ ಸಂಖ್ಯೆ ಮತ್ತು ಇ-ಮೇಲ್ ಕುಟುಂಬದ್ದೇ ಆಗಿರಬೇಕು, ಸೈಬರ್ ಕೇಂದ್ರದವರದ್ದಾಗಿರಬಾರದು. ಪಾಸ್‌ವರ್ಡ್ ಸಹ ಕುಟುಂಬದ ಬಳಿಯೇ ಇರತಕ್ಕದ್ದು.

6. ಪರೀಕ್ಷೆ ಮತ್ತು ಪ್ರಶ್ನೆಪತ್ರಿಕೆಯ ಭಾಷೆ

2025ರ ನೀಟ್ ಪರೀಕ್ಷೆಯಲ್ಲಿ ಮೂರು ಗಂಟೆಗಳಲ್ಲಿ 180 ಪ್ರಶ್ನೆಗಳಿಗೆ ಉತ್ತರಿಸಬೇಕಿತ್ತು: ಜೀವಶಾಸ್ತ್ರ 90, ಭೌತಶಾಸ್ತ್ರ 45, ರಸಾಯನಶಾಸ್ತ್ರ 45. ಒಟ್ಟು 720 ಅಂಕಗಳು. ಸರಿಯುತ್ತರಕ್ಕೆ 4 ಅಂಕ. ತಪ್ಪುತ್ತರಕ್ಕೆ 1 ಅಂಕ ಕಳೆಯಲಾಗುತ್ತಿತ್ತು. ಆ ವರ್ಷದ ಅರ್ಜಿ ಶುಲ್ಕ ಸಾಮಾನ್ಯ ವರ್ಗಕ್ಕೆ ರೂ. 1,700, ಕೇಂದ್ರದ ಹಿಂದುಳಿದ ವರ್ಗ ಹಾಗೂ ಆರ್ಥಿಕವಾಗಿ ಹಿಂದುಳಿದವರಿಗೆ ರೂ. 1,600, ಪರಿಶಿಷ್ಟ ಜಾತಿ, ಪಂಗಡ ಮತ್ತು ವಿಕಲಚೇತನರಿಗೆ ರೂ. 1,000 ಇತ್ತು.

ಪ್ರಶ್ನೆಪತ್ರಿಕೆ 2017ರಿಂದ ಕನ್ನಡದಲ್ಲಿಯೂ ಲಭ್ಯವಿದೆ. ಕನ್ನಡವನ್ನು ಆಯ್ದುಕೊಂಡವರಿಗೆ ಪ್ರಶ್ನೆಗಳು ಕನ್ನಡ ಮತ್ತು ಇಂಗ್ಲಿಷ್ ಎರಡರಲ್ಲಿಯೂ ಇರುತ್ತವೆ. ಅನುವಾದದಲ್ಲಿ ಸಂದಿಗ್ಧವಿದ್ದಲ್ಲಿ ಇಂಗ್ಲಿಷ್ ಪಾಠವೇ ಅಂತಿಮ. ಹಳ್ಳಿಯ ಕನ್ನಡ ಶಾಲೆಯಿಂದ ಬಂದ ವಿದ್ಯಾರ್ಥಿಗೆ ಪಿಯುಸಿ ವಿಜ್ಞಾನದ ಇಂಗ್ಲಿಷ್ ಪಠ್ಯ ಮೊದಲ ಕೆಲವು ತಿಂಗಳು ಕಷ್ಟವೆನಿಸುವುದು ಸಹಜ. ಇದನ್ನು ಬುದ್ಧಿಯ ಕೊರತೆಯೆಂದು ಪೋಷಕರು ಭಾವಿಸಬಾರದು. ರಾಜ್ಯದ ಪಿಯುಸಿ ವಿಜ್ಞಾನದಲ್ಲಿ 2012-13ರಿಂದ ಎನ್‌ಸಿಇಆರ್‌ಟಿ ಪಠ್ಯಕ್ರಮವೇ ಇರುವುದರಿಂದ, ಕಾಲೇಜಿನ ಪಠ್ಯಪುಸ್ತಕಗಳನ್ನು ಚೆನ್ನಾಗಿ ಓದುವುದೇ ನೀಟ್ ಸಿದ್ಧತೆಯ ತಳಹದಿ. ಭಾಷೆಯ ಆಯ್ಕೆಯನ್ನು ವಿದ್ಯಾರ್ಥಿಯೇ ಮಾಡಲಿ. ಹಳೆಯ ಪ್ರಶ್ನೆಪತ್ರಿಕೆಗಳನ್ನು ಎರಡೂ ಭಾಷೆಗಳಲ್ಲಿ ಬಿಡಿಸಿ ನೋಡಿದ ನಂತರ ತೀರ್ಮಾನಿಸುವುದು ಸೂಕ್ತ.

ಪರೀಕ್ಷೆಯ ದಿನ ದ್ವಾರ ಮುಚ್ಚಿದ ನಂತರ ಯಾರಿಗೂ ಪ್ರವೇಶವಿರುವುದಿಲ್ಲ. ಶಿವಗಂಗೆಯಿಂದ ಹೊರಡುವವರು ದಾಬಸ್‌ಪೇಟೆಯಲ್ಲಿ ಬಸ್ ಬದಲಿಸುವ ಸಮಯ ಮತ್ತು ಹೆದ್ದಾರಿಯ ದಟ್ಟಣೆಯನ್ನು ಲೆಕ್ಕಕ್ಕೆ ತೆಗೆದುಕೊಂಡು ಹೊರಡತಕ್ಕದ್ದು. ಸಾಧ್ಯವಿದ್ದಲ್ಲಿ ಒಂದು ದಿನ ಮೊದಲೇ ಪರೀಕ್ಷಾ ಕೇಂದ್ರವನ್ನು ನೋಡಿ ಬರುವುದು ಒಳಿತು.

7. ಸೀಟು ಆಯ್ಕೆ

ಫಲಿತಾಂಶದ ನಂತರ ದಾಖಲೆಗಳ ಪರಿಶೀಲನೆ, ಕಾಲೇಜುಗಳ ಆಯ್ಕೆ ದಾಖಲು, ಅಣಕು ಹಂಚಿಕೆ ಮತ್ತು ನೈಜ ಹಂಚಿಕೆ ನಡೆಯುತ್ತವೆ. ಸೀಟು ಹಂಚಿಕೆಯಾದವರು ಕೆಳಕಂಡ ನಾಲ್ಕು ಆಯ್ಕೆಗಳಲ್ಲಿ ಒಂದನ್ನು ನಿಗದಿತ ದಿನಾಂಕದೊಳಗೆ ಸೂಚಿಸಬೇಕು.

ಆಯ್ಕೆ-1: ಸೀಟು ಒಪ್ಪಿ ಕಾಲೇಜಿಗೆ ಸೇರುವುದು.
ಆಯ್ಕೆ-2: ಸೀಟು ಉಳಿಸಿಕೊಂಡು ಮುಂದಿನ ಸುತ್ತಿನಲ್ಲಿ ಉತ್ತಮ ಸೀಟಿಗೆ ಪ್ರಯತ್ನಿಸುವುದು.
ಆಯ್ಕೆ-3: ಸೀಟು ಬಿಟ್ಟುಕೊಟ್ಟು ಮುಂದಿನ ಸುತ್ತಿನಲ್ಲಿ ಭಾಗವಹಿಸುವುದು.
ಆಯ್ಕೆ-4: ಪ್ರಕ್ರಿಯೆಯಿಂದ ಹೊರಗುಳಿಯುವುದು.

ಅಣಕು ಹಂಚಿಕೆಯಲ್ಲಿ ಕಂಡ ಸೀಟು ಅಂತಿಮವಲ್ಲ. ಶುಲ್ಕ ಭರಿಸಲಾಗದ ಕಾಲೇಜನ್ನು ಆಯ್ಕೆ ಪಟ್ಟಿಯಲ್ಲಿ ಸೇರಿಸುವ ಮೊದಲು ಕುಟುಂಬದಲ್ಲಿ ಚರ್ಚಿಸುವುದು ಅವಶ್ಯ. ಒಂದೇ ಕಾಲೇಜಿನಲ್ಲಿ ಸರ್ಕಾರಿ ಸೀಟಿಗೂ ಖಾಸಗಿ ಸೀಟಿಗೂ ಶುಲ್ಕದಲ್ಲಿ ಬಹಳ ಅಂತರವಿರುತ್ತದೆ. ಪದವಿಯ ಅವಧಿ ನಾಲ್ಕೂವರೆ ವರ್ಷ ಹಾಗೂ ಒಂದು ವರ್ಷದ ಗೃಹವೈದ್ಯ ತರಬೇತಿ ಆಗಿರುವುದರಿಂದ, ಮೊದಲ ವರ್ಷದ ಶುಲ್ಕವನ್ನು ಮಾತ್ರ ನೋಡಿ ನಿರ್ಧರಿಸಬಾರದು.

8. ಆರ್ಥಿಕ ನೆರವು

ಅರ್ಹ ವಿದ್ಯಾರ್ಥಿಗಳು ರಾಜ್ಯ ವಿದ್ಯಾರ್ಥಿವೇತನ ತಂತ್ರಾಂಶದ (ಎಸ್‌ಎಸ್‌ಪಿ) ಮೂಲಕ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನಕ್ಕೆ ಅರ್ಜಿ ಸಲ್ಲಿಸಬಹುದು. ಹಿಂದುಳಿದ ವರ್ಗಗಳಿಗೆ ಡಿ. ದೇವರಾಜ ಅರಸು ಹಿಂದುಳಿದ ವರ್ಗಗಳ ಅಭಿವೃದ್ಧಿ ನಿಗಮವೂ, ಅಲ್ಪಸಂಖ್ಯಾತರಿಗೆ ಕರ್ನಾಟಕ ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮವೂ ‘ಅರಿವು’ ಶೈಕ್ಷಣಿಕ ಸಾಲ ಯೋಜನೆಯನ್ನು ನಡೆಸುತ್ತವೆ. ಜಮೀನು ಮಾರಲು ಅಥವಾ ಕೈಸಾಲ ಮಾಡಲು ಮುಂದಾಗುವ ಮೊದಲು ಈ ಕಚೇರಿಗಳಲ್ಲಿಯೂ ಬ್ಯಾಂಕಿನಲ್ಲಿಯೂ ವಿಚಾರಿಸುವುದು ಉತ್ತಮ.

9. ವಿದ್ಯಾರ್ಥಿಯ ಮನಃಸ್ಥಿತಿ

ಹದಿನೇಳು ವರ್ಷದ ವಿದ್ಯಾರ್ಥಿಗೆ ಪಿಯುಸಿ, ಸಿಇಟಿ ಮತ್ತು ನೀಟ್ ಪರೀಕ್ಷೆಗಳು ಕೆಲವೇ ವಾರಗಳ ಅಂತರದಲ್ಲಿ ಎದುರಾಗುತ್ತವೆ. ಊರಿನ ಮೊದಲ ಡಾಕ್ಟರು ಆಗಬೇಕೆಂಬ ಮಾತು ಪ್ರೀತಿಯಿಂದ ಆಡಿದ್ದಾದರೂ ಹೊರೆಯಾಗಬಹುದು. ಆದ್ದರಿಂದ ಪೋಷಕರು,

ಅ) ನೆಂಟರ ಅಥವಾ ನೆರೆಯವರ ಮಕ್ಕಳ ಅಂಕಗಳೊಂದಿಗೆ ಹೋಲಿಸಬಾರದು.
ಆ) ಓದುವ ಅವಧಿಯಲ್ಲಿ ಹೊಲ, ಹಸು, ಅಂಗಡಿಯ ಕೆಲಸಗಳಿಂದ ಸಾಧ್ಯವಾದಷ್ಟು ಬಿಡುವು ನೀಡಬೇಕು. ಹೆಣ್ಣುಮಕ್ಕಳಿಗೆ ಮನೆಗೆಲಸದಿಂದಲೂ ಇದೇ ಬಿಡುವು ಇರಬೇಕು.
ಇ) ನಿದ್ರೆ ಮತ್ತು ಊಟದ ಹೊತ್ತು ತಪ್ಪದಂತೆ ನೋಡಿಕೊಳ್ಳಬೇಕು.
ಈ) ವೈದ್ಯನಾಗುವ ಆಸೆ ಮಗುವಿನದೇ ಅಥವಾ ಮನೆಯವರದೇ ಎಂದು ಕೇಳಿ, ಉತ್ತರವನ್ನು ಸಮಾಧಾನದಿಂದ ಆಲಿಸಬೇಕು.

ವಿದ್ಯಾರ್ಥಿಯು ಮಾತು ಕಡಿಮೆ ಮಾಡಿದಲ್ಲಿ, ನಿದ್ರೆ ಬಿಟ್ಟಲ್ಲಿ ಅಥವಾ ಬದುಕಿನ ಬಗ್ಗೆ ಬೇಸರದ ಮಾತನಾಡಿದಲ್ಲಿ ಅದನ್ನು ಪರೀಕ್ಷೆ ಮುಗಿಯುವವರೆಗೆ ಮುಂದೂಡಬಾರದು. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು.

10. ಸೀಟು ದೊರೆಯದಿದ್ದಲ್ಲಿ

ನೀಟ್ ಪರೀಕ್ಷೆ ಬರೆಯುವವರು ಅದೇ ವರ್ಷ ಸಿಇಟಿಯನ್ನೂ ಬರೆಯುವುದು ಒಳಿತು. ಪಶುವೈದ್ಯಕೀಯ, ಕೃಷಿ ವಿಜ್ಞಾನ, ಔಷಧ ವಿಜ್ಞಾನ ಮತ್ತು ಶುಶ್ರೂಷಾ ಪದವಿಗಳ ಬಾಗಿಲು ಇದರಿಂದ ತೆರೆದಿರುತ್ತದೆ. ಕೃಷಿ ಪದವಿಗಳಲ್ಲಿ ಕೃಷಿಕರ ಮಕ್ಕಳಿಗೆ ಪ್ರತ್ಯೇಕ ಕೋಟಾ ಸಹ ಇದೆ. ಆಯುರ್ವೇದ ಮತ್ತು ಹೋಮಿಯೋಪಥಿ ಪದವಿಗಳಿಗೆ ನೀಟ್ ಅಂಕಗಳೇ ಆಧಾರ. ಮತ್ತೊಂದು ವರ್ಷ ಸಿದ್ಧತೆ ನಡೆಸುವುದಾದರೆ, ಆ ನಿರ್ಧಾರ ವಿದ್ಯಾರ್ಥಿಯ ಒಪ್ಪಿಗೆಯಿಂದ ಆಗಬೇಕು. ಎಷ್ಟು ವರ್ಷ ಪ್ರಯತ್ನಿಸುವುದೆಂದು ಮೊದಲೇ ಮಾತನಾಡಿಕೊಳ್ಳುವುದು ಉತ್ತಮ.

11. ಎಚ್ಚರಿಕೆ

ಹಣ ಕೊಟ್ಟರೆ ಸೀಟು ಅಥವಾ ಪ್ರಶ್ನೆಪತ್ರಿಕೆ ಕೊಡಿಸುವುದಾಗಿ ಹೇಳುವ ಮಧ್ಯವರ್ತಿಗಳನ್ನು ನಂಬಬಾರದು. ಪ್ರಶ್ನೆಪತ್ರಿಕೆ ಸೋರಿಕೆ ಮುಂತಾದ ಅಕ್ರಮಗಳು 2024ರ ಕೇಂದ್ರ ಕಾಯಿದೆಯನ್ವಯ ಶಿಕ್ಷಾರ್ಹ ಅಪರಾಧ. ಮೂಲ ದಾಖಲೆಗಳನ್ನಾಗಲಿ, ಪಾಸ್‌ವರ್ಡನ್ನಾಗಲಿ ಅನ್ಯರ ವಶಕ್ಕೆ ನೀಡಬಾರದು.

12. ಎಲ್ಲಿ ವಿಚಾರಿಸಬೇಕು

ಜಾತಿ, ಆದಾಯ ಪ್ರಮಾಣ ಪತ್ರ: ನಾಡಕಚೇರಿ, ಸೋಂಪುರ ಹೋಬಳಿ, ತಹಶೀಲ್ದಾರರ ಕಚೇರಿ, ನೆಲಮಂಗಲ.
ವ್ಯಾಸಂಗ ಪ್ರಮಾಣ ಪತ್ರಗಳ ಮೇಲುರುಜು: ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿ, ನೆಲಮಂಗಲ.
ನೋಂದಣಿ, ಸೀಟು ಹಂಚಿಕೆ: ಕರ್ನಾಟಕ ಪರೀಕ್ಷಾ ಪ್ರಾಧಿಕಾರ, 18ನೇ ಅಡ್ಡರಸ್ತೆ, ಸಂಪಿಗೆ ರಸ್ತೆ, ಮಲ್ಲೇಶ್ವರಂ, ಬೆಂಗಳೂರು.

ವಿ.ಸೂ.: ದಿನಾಂಕ, ಶುಲ್ಕ ಮತ್ತು ಪರೀಕ್ಷಾ ವಿಧಾನ ಪ್ರತಿ ವರ್ಷ ಬದಲಾಗಬಹುದು. ಆಯಾ ವರ್ಷದ ಎನ್‌ಟಿಎ ಮತ್ತು ಕೆಇಎ ಮಾಹಿತಿ ಪುಸ್ತಿಕೆಗಳೇ ಅಂತಿಮ.