ಸ್ಪ್ಲೈಸ್ ಟ್ರೇ: ಬೆಸೆದ ಗಾಜಿನೆಳೆಗಳ ನೆಲೆ

ಏನಿದು?

ದ್ಯುತಿತಂತು ಅಥವಾ ಆಪ್ಟಿಕಲ್ ಫೈಬರ್ ಎಂಬುದು ಕೂದಲೆಳೆಯಷ್ಟು ತೆಳುವಾದ ಗಾಜಿನ ಎಳೆ. ಗಾಜಿನ ವ್ಯಾಸ 125 ಮೈಕ್ರೋಮೀಟರ್. ದೂರಸಂಪರ್ಕದ ಏಕವಿಧಾನ ತಂತುಗಳಲ್ಲಿ ಬೆಳಕು ಹರಿಯುವ ತಿರುಳು ಸುಮಾರು 9 ಮೈಕ್ರೋಮೀಟರ್ ಮಾತ್ರ. ಇಂಥ ಎಳೆಗಳನ್ನು ಒಳಗೊಂಡ ಕೇಬಲ್ ಕೆಲವು ಕಿಲೋಮೀಟರ್ ಉದ್ದದ ಡ್ರಮ್ಮುಗಳಲ್ಲಿ ಬರುತ್ತದೆ. ಒಂದು ಡ್ರಮ್ ಮುಗಿದಲ್ಲಿ ಮುಂದಿನದನ್ನು ಜೋಡಿಸಬೇಕು. ರಸ್ತೆ ಅಗೆಯುವ ಜೆಸಿಬಿಯ ಹಲ್ಲಿಗೆ ಸಿಕ್ಕಿ ಕಡಿದಲ್ಲಿಯೂ ಜೋಡಿಸಬೇಕು. ಹೀಗೆ ಜೋಡಿಸಿದ ಎಳೆಗಳನ್ನು ಸಾಲಾಗಿ ಮಲಗಿಸಿ ಕಾಯುವ ಚಪ್ಪಟೆ ತಟ್ಟೆಯೇ ಸ್ಪ್ಲೈಸ್ ಟ್ರೇ.

ಬೆಸುಗೆ

ತಾಮ್ರದ ತಂತಿಯನ್ನು ಹೊಸೆದು ಟೇಪು ಸುತ್ತಬಹುದು. ಗಾಜಿಗೆ ಆ ಉಪಾಯ ಸಲ್ಲದು. ಎಳೆಯ ಮೇಲಿನ ಪ್ಲಾಸ್ಟಿಕ್ ಲೇಪನವನ್ನು ಸುಲಿದು, ಆಲ್ಕೋಹಾಲ್‌ನಿಂದ ಒರೆಸಿ, ತುದಿಯನ್ನು ಲಂಬವಾಗಿ ಕತ್ತರಿಸಿ, ಎರಡು ತುದಿಗಳನ್ನು ಯಂತ್ರದಲ್ಲಿ ಎದುರುಬದುರಾಗಿ ಇಟ್ಟು ವಿದ್ಯುತ್ ಕಿಡಿಯಿಂದ ಕರಗಿಸಿ ಒಂದಾಗಿಸುತ್ತಾರೆ. ಒಳ್ಳೆಯ ಬೆಸುಗೆಯಲ್ಲಿ ನಷ್ಟ 0.1 ಡೆಸಿಬೆಲ್‌ಗಿಂತ ಕಡಿಮೆ. ಆದರೆ ಲೇಪನ ಕಳೆದುಕೊಂಡ ಆ ಬೆತ್ತಲೆ ಗಾಜು ಬಲು ದುರ್ಬಲ. ಅದಕ್ಕಾಗಿ ಒಳಗೆ ಉಕ್ಕಿನ ಕಡ್ಡಿಯಿರುವ, ಬಿಸಿಗೆ ಕುಗ್ಗುವ ಸಣ್ಣ ಕೊಳವೆಯನ್ನು ಬೆಸುಗೆಯ ಮೇಲೆ ಸರಿಸಿ ಕಾಯಿಸುತ್ತಾರೆ. ಕೊಳವೆಯನ್ನು ಬೆಸೆಯುವ ಮೊದಲೇ ಎಳೆಗೆ ಪೋಣಿಸಿರಬೇಕು. ಮರೆತರೆ ಬೆಸೆದದ್ದನ್ನು ಕಡಿದು ಮತ್ತೆ ಮೊದಲಿನಿಂದ ಆರಂಭ. ಹೊಸಬರೆಲ್ಲ ಒಮ್ಮೆಯಾದರೂ ಈ ಪಾಠ ಕಲಿಯುತ್ತಾರೆ.

ತಟ್ಟೆಯೊಳಗೆ

ತಟ್ಟೆಯ ನಡುವೆ ಬಾಚಣಿಗೆಯ ಹಲ್ಲುಗಳಂಥ ತೋಡುಗಳಿದ್ದು, ಒಂದೊಂದರಲ್ಲಿ ಒಂದೊಂದು ಕೊಳವೆ ಕೂರುತ್ತದೆ. ಸಾಮಾನ್ಯ ತಟ್ಟೆಯಲ್ಲಿ 12 ಅಥವಾ 24 ಬೆಸುಗೆಗಳಿಗೆ ಜಾಗ. ಸುತ್ತಲಿನ ದುಂಡನೆಯ ಓಣಿಯಲ್ಲಿ ಹೆಚ್ಚುವರಿ ಎಳೆಯನ್ನು ಸುರುಳಿ ಸುತ್ತಿಡುತ್ತಾರೆ. ಅಂಚಿನ ಪುಟ್ಟ ನಾಲಿಗೆಗಳು ಅದು ಪುಟಿದೇಳದಂತೆ ಒತ್ತಿ ಹಿಡಿಯುತ್ತವೆ. ಈ ಹೆಚ್ಚುವರಿ ಉದ್ದ ವ್ಯರ್ಥವಲ್ಲ. ಎಳೆಯ ತುದಿ ಯಂತ್ರದವರೆಗೆ ಎಟುಕಬೇಕು. ಬೆಸುಗೆ ಕೆಟ್ಟರೆ ತುದಿ ಕತ್ತರಿಸಿ ಮತ್ತೆ ಬೆಸೆಯಬೇಕು, ಪ್ರತಿ ಬಾರಿಯೂ ಕೆಲವು ಸೆಂಟಿಮೀಟರ್ ಖರ್ಚಾಗುತ್ತದೆ. ಆದ್ದರಿಂದ ಎರಡೂ ಬದಿಯಲ್ಲಿ ಸುಮಾರು ಒಂದು ಮೀಟರ್ ಉಳಿಸಿಕೊಳ್ಳುವುದು ರೂಢಿ.

ಬಾಗಿದರೆ ಬೆಳಕು ಸೋರುತ್ತದೆ

ತಟ್ಟೆಯ ನಿಜವಾದ ಕೆಲಸ ಬೆಸುಗೆಯನ್ನು ಹಿಡಿದಿಡುವುದಕ್ಕಿಂತ ಎಳೆಯ ತಿರುವನ್ನು ಕಾಯುವುದು. ತಿರುಳಿನ ಗೋಡೆಯಲ್ಲಿ ಪೂರ್ಣ ಆಂತರಿಕ ಪ್ರತಿಫಲನಗೊಳ್ಳುತ್ತ ಸಾಗುವ ಬೆಳಕು, ಎಳೆ ತೀವ್ರವಾಗಿ ಬಾಗಿದಲ್ಲಿ ಹೊರಗೆ ಸೋರುತ್ತದೆ. ಜಿ.652 ಮಾನದಂಡದ ತಂತುವಿನ ಬಾಗು ನಷ್ಟವನ್ನು 30 ಮಿ.ಮೀ. ತ್ರಿಜ್ಯದಲ್ಲಿ 100 ಸುತ್ತು ಸುತ್ತಿ ಅಳೆಯುತ್ತಾರೆ. ತಟ್ಟೆಯ ತಿರುವುಗಳನ್ನು ಸಾಮಾನ್ಯವಾಗಿ ಈ ಅಳತೆಗಿಂತ ಕಿರಿದಾಗದಂತೆ ರೂಪಿಸುವುದು ಇದೇ ಕಾರಣಕ್ಕೆ.

ಬಾಗು ನಷ್ಟಕ್ಕೆ ಒಂದು ಗುರುತಿದೆ. ತರಂಗಾಂತರ ಹೆಚ್ಚಿದಷ್ಟೂ ಸೋರಿಕೆ ಹೆಚ್ಚು. ಓಟಿಡಿಆರ್ ಎಂಬ ಉಪಕರಣ ಬೆಳಕಿನ ಮಿಡಿತಗಳನ್ನು ಕಳಿಸಿ, ಹಿಂದಿರುಗಿದ ಬೆಳಕಿನಿಂದ ನಷ್ಟದ ಸ್ಥಳವನ್ನು ತೋರಿಸುತ್ತದೆ. ಒಂದೇ ಸ್ಥಳದಲ್ಲಿ 1310 ನ್ಯಾನೋಮೀಟರ್‌ನಲ್ಲಿ ನಷ್ಟ ಅಲ್ಪವಾಗಿದ್ದು 1550ರಲ್ಲಿ ಗಣನೀಯವಾಗಿದ್ದರೆ, ಅಲ್ಲಿ ಬೆಸುಗೆ ಕೆಟ್ಟಿರುವುದಕ್ಕಿಂತ ಎಳೆ ಎಲ್ಲೋ ಮಡಚಿಕೊಂಡಿರುವ ಸಂಭವ ಹೆಚ್ಚು. ಮುಚ್ಚಳದಡಿ ಸಿಕ್ಕ ಒಂದು ಸುತ್ತನ್ನು ಸಡಿಲಿಸಿದರೆ ದೋಷ ಮಾಯವಾಗಬಹುದು. ತಿಳಿಯದೆ ಬೆಸುಗೆಯನ್ನು ಕಡಿದು ಮತ್ತೆ ಬೆಸೆದರೆ ಶ್ರಮವೆಲ್ಲ ವ್ಯರ್ಥ.

7.5 ಮಿ.ಮೀ. ತ್ರಿಜ್ಯದ ತಿರುವಿನಲ್ಲೂ ಅಲ್ಪವೇ ಸೋರುವ ಜಿ.657.ಎ2 ಬಗೆಯ ಎಳೆಗಳು ಈಗ ಬಳಕೆಯಲ್ಲಿವೆ. ಅವು ಅಜಾಗರೂಕತೆಗೆ ಪರವಾನಗಿಯಲ್ಲ. ಬಾಗಿದ ಗಾಜಿನ ಹೊರಮೈ ಸದಾ ಸೆಳೆತದಲ್ಲಿರುತ್ತದೆ. ತೇವಾಂಶ ಸೇರಿದರೆ ಕಣ್ಣಿಗೆ ಕಾಣದ ಬಿರುಕುಗಳು ವರ್ಷಗಳುದ್ದಕ್ಕೂ ಬೆಳೆದು ಎಳೆ ಒಂದು ದಿನ ತಾನಾಗಿ ತುಂಡಾಗಬಹುದು.

ಒಂದರ ಮೇಲೊಂದು

96 ಎಳೆಗಳ ಕೇಬಲ್ಲಿಗೆ, ತಟ್ಟೆಗೆ 12ರಂತೆ ಎಂಟು ತಟ್ಟೆಗಳು ಬೇಕು. ಅವುಗಳನ್ನು ಊಟದ ಡಬ್ಬಿಯಂತೆ ಪೇರಿಸುತ್ತಾರೆ. ಡಬ್ಬಿಯಲ್ಲಿ ಕೆಳಗಿನದು ಬೇಕಾದರೆ ಮೇಲಿನವನ್ನೆಲ್ಲ ತೆಗೆಯಬೇಕು, ಇಲ್ಲಿ ಹಾಗಿಲ್ಲ. ತಟ್ಟೆಗಳು ಒಂದು ಬದಿಯ ಕೀಲಿನ ಮೇಲೆ ಪುಸ್ತಕದ ಹಾಳೆಗಳಂತೆ ತೆರೆದುಕೊಳ್ಳುತ್ತವೆ. ಎಳೆಗಳು ಕೀಲಿನ ಪಕ್ಕದಿಂದಲೇ ಒಳಬರುವುದರಿಂದ, ತಟ್ಟೆ ಎತ್ತಿದಾಗ ಅವು ಎಳೆದಂತಾಗುವುದಿಲ್ಲ. ಐದನೆಯ ತಟ್ಟೆಯಲ್ಲಿ ದುರಸ್ತಿ ನಡೆಯುವಾಗಲೂ ಉಳಿದ ಏಳರಲ್ಲಿ ಸಂಭಾಷಣೆಗಳು ಹರಿಯುತ್ತಲೇ ಇರುತ್ತವೆ.

ಗುರುತಿಗೆ ಬಣ್ಣವೇ ಆಧಾರ: ನೀಲಿ, ಕಿತ್ತಳೆ, ಹಸಿರು, ಕಂದು, ಬೂದು, ಬಿಳಿ, ಕೆಂಪು, ಕಪ್ಪು, ಹಳದಿ, ನೇರಳೆ, ಗುಲಾಬಿ, ತಿಳಿನೀಲಿ. ಕೇಬಲ್ಲಿನೊಳಗೆ ಎಳೆಗಳನ್ನು ಕಟ್ಟಿಟ್ಟ ಕೊಳವೆಗಳಿಗೂ ಇದೇ ಕ್ರಮ. ಹೀಗಾಗಿ ಮೂರನೆಯ ಕೊಳವೆಯ ಏಳನೆಯ ಎಳೆ ಎಂದರೆ ಹಸಿರಿನೊಳಗಿನ ಕೆಂಪು.

ಬಳಕೆ

ನೆಲದಡಿಯ ಗುಂಡಿಗಳಲ್ಲಿ, ಕಂಬಗಳ ಮೇಲೆ, ನೀರು ನುಗ್ಗದ ಗುಮ್ಮಟಾಕಾರದ ಡಬ್ಬಿಗಳೊಳಗೆ ಈ ತಟ್ಟೆಗಳಿರುತ್ತವೆ. ದೂರವಾಣಿ ವಿನಿಮಯ ಕೇಂದ್ರ ಹಾಗೂ ದತ್ತಾಂಶ ಕೇಂದ್ರಗಳಲ್ಲಿ ಹೊರಗಿನ ಕೇಬಲ್ಲನ್ನು ಪಿಗ್‌ಟೇಲ್ ಎಂಬ ಗಿಡ್ಡ ತಂತುಗಳಿಗೆ ಬೆಸೆಯುವುದೂ ಇವುಗಳಲ್ಲಿಯೇ. 2011ರಲ್ಲಿ ಕೇಂದ್ರ ಸರ್ಕಾರದ ಒಪ್ಪಿಗೆ ಪಡೆದು ಮುಂದೆ ಭಾರತ್‌ನೆಟ್ ಎಂದು ಹೆಸರಾದ ಯೋಜನೆಯಲ್ಲಿ ಗ್ರಾಮ ಪಂಚಾಯಿತಿಗಳತ್ತ ಸಾಗುವ ಕೇಬಲ್ಲಿನ ಹಾದಿಯಲ್ಲೂ ಇಂಥ ಡಬ್ಬಿಗಳು ಬರುತ್ತವೆ. ಮುಚ್ಚುವ ಮುನ್ನ ಯಾವ ಎಳೆ ಯಾವುದಕ್ಕೆ ಬೆಸೆದಿದೆ ಎಂದು ಬರೆದ ಚೀಟಿಯೊಂದನ್ನು ಒಳಗೆ ಇಡುವುದು ಒಳ್ಳೆಯ ಕೆಲಸಗಾರರ ಪದ್ಧತಿ. ಅದನ್ನು ಓದುವವರು ಬಹುತೇಕ ಬೇರೆಯವರೇ ಆಗಿರುತ್ತಾರೆ.